ಸಾರಿಲ್ಲದ ಹೊಸತೊಡಕು

ನಮ್ಮ ಮನೆಯಲ್ಲಿ ಯುಗಾದಿಗಿಂತ ಅದರ ಮಾರನೆಯ ದಿನದ ಹೊಸತೊಡಕೇ ದೊಡ್ಡ ಹಬ್ಬ. ಯುಗಾದಿ ದಿನ ಒಬ್ಬಟ್ಟು ತಿಂದು ಸುಮ್ಮನೆ ಮಲಗುವ ಗಂಡಸರು, ಹೊಸತೊಡಕಿನ ದಿನ ಬೆಳಕು ಹರಿಯುವ ಮೊದಲೇ ಎದ್ದು ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಆ ಸಾಲಿನಲ್ಲಿ ನಾನೂ ಹೋಗಿ ನಿಂತ ವರ್ಷದ ವಿಷಯ ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತೆ. ಆದರೆ ಜಗಳ ಹುಟ್ಟಿದ್ದು ಅದರ ಹಿಂದಿನ ಹೊಸತೊಡಕಿನಲ್ಲಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮ ಊರು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಆ ಕಡೆ ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಅವರ ಹೆಂಡತಿ ಮತ್ತು ನನ್ನ ಅತ್ತೆ. ಭಾವನ ಹೆಂಡತಿ ನನಗೆ ಓರಗಿತ್ತಿ. ಕರೆಯುವುದು ಅಕ್ಕ ಅಂತ. ಈ ಕಡೆ ನಾನು ಮತ್ತು ನನ್ನ ಗಂಡ. ಹಿತ್ತಿಲು ಮಾತ್ರ ಇಬ್ಬರಿಗೂ ಒಂದೇ. ಅಲ್ಲೊಂದು ಚಕ್ಕೋತದ ಮರ, ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು. ಭಾವ ಸೈಟು ಕೊಡಿಸುವ, ಮಾರಿಸುವ ಕೆಲಸ ಮಾಡುತ್ತಾರೆ. ನನ್ನ ಗಂಡ ಶಾಲೆಯೊಂದರ ಬಸ್ಸು ಓಡಿಸುತ್ತಾರೆ. ನಾನು ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೆಲಸಕ್ಕಿದ್ದೇನೆ. ಕೊಯ್ದು ತಂದ ಹೂವನ್ನು ಕಾಂಡದ ಉದ್ದ, ಮೊಗ್ಗಿನ ದಪ್ಪ ನೋಡಿ ಬೇರೆ ಮಾಡುವ ಮೇಜು ನನ್ನ ಕೈಕೆಳಗಿದೆ. ದಿನವೆಲ್ಲ ನಾನು ಒಳ್ಳೆಯದು ಅಂದದ್ದೇ ಒಳ್ಳೆಯ ಹೂವು. ಮನೆಗೆ ಬಂದರೆ ನನ್ನ ತಟ್ಟೆಗೆ ಬೀಳುವ ಮಾಂಸದ ತುಂಡನ್ನು ಬೇರೆ ಯಾರೋ ಆರಿಸಿರುತ್ತಿದ್ದರು.

ಹೊಸತೊಡಕಿನ ದಿನ ಮಾಂಸ ತರುತ್ತಿದ್ದವರು ಭಾವ. ತಂದ ಚೀಲದಿಂದ ಚಾಪ್ಸ್, ಅಂದರೆ ಎಲುಬಿನ ಸಮೇತದ ಪಕ್ಕೆಯ ತುಂಡುಗಳನ್ನು, ತೊಡೆಯ ಮೆತ್ತನೆಯ ಮಾಂಸವನ್ನು ಬೇರೆ ತೆಗೆದು ಮಾಳಿಗೆಗೆ ಒಯ್ಯುತ್ತಿದ್ದವರೂ ಅವರೇ. ನಂದಿ ಬೆಟ್ಟದ ಕಡೆಯ ಯಾವುದೋ ರೆಸಾರ್ಟಿನಲ್ಲಿ ನೋಡಿ ಬಂದು ಒಂದು ಬಾರ್ಬೆಕ್ಯೂ ಸ್ಟ್ಯಾಂಡು ಕೊಂಡಿದ್ದರು. ಅವರು, ನನ್ನ ಗಂಡ, ಅಕ್ಕನ ತಮ್ಮಂದಿರು ಅದರ ಸುತ್ತ ಕುರ್ಚಿ ಹಾಕಿಕೊಂಡು, ಬಾಟಲಿ ತೆರೆದು, ಮಾಂಸ ಸುಟ್ಟು ತಿನ್ನುತ್ತಿದ್ದರು. ಕುತ್ತಿಗೆ, ಎದೆ, ಮೂಳೆ ಕೆಳಗೆ ನಮ್ಮ ಪಾಲಿಗೆ. ಅದರಲ್ಲಿ ನಾವು ಸಾರು ಮಾಡಬೇಕು, ಮುದ್ದೆ ತಿರುವಬೇಕು, ಖೈಮಾ ಉಂಡೆ ಕಟ್ಟಬೇಕು. ಅವರು ಇಳಿದು ಬಂದು ಉಂಡು ಎದ್ದ ಮೇಲೆ ನಮ್ಮ ಊಟ. ಅಷ್ಟು ಹೊತ್ತಿಗೆ ಪಾತ್ರೆಯ ತಳದಲ್ಲಿ ಸಾರೂ ಮೂಳೆಯೂ ಇರುತ್ತಿದ್ದವು. ಮಾಂಸ ಇರುತ್ತಿರಲಿಲ್ಲ.

ಆ ದಿನ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದ ವಾಸನೆ ಮೆಟ್ಟಿಲಿಳಿದು ಅಡುಗೆಮನೆಗೆ ಬಂತು. ಅತ್ತೆ ಬಾಗಿಲ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಮೂಗು ಮೇಲೆ ಮಾಡಿ, "ಸುಟ್ಟಿದ್ದು ಒಂದು ತುಂಡು ಈಸ್ಕೊಂಡು ಬಾರವ್ವ, ಬಾಯಿ ಕೇಳ್ತೈತೆ" ಅಂದರು.

ನಾನು ತಟ್ಟೆ ಹಿಡಿದು ಮಾಳಿಗೆ ಹತ್ತಿದೆ. ಭಾವ ತಿರುಗಿ ನೋಡಿದರು. "ಏನಮ್ಮ, ಸಾರು ಆಯ್ತಾ?"

"ಆಗ್ತಿದೆ ಭಾವ. ಅತ್ತೆಗೆ ಒಂದೆರಡು ತುಂಡು ಕೊಡಿ."

"ಅಮ್ಮಂಗಾ? ಅಮ್ಮಂಗೆ ಹಲ್ಲೆಲ್ಲವ್ವೆ? ಸಾರು ಬಗ್ಸಿ ಕೊಡ್ರಿ, ಕುಡೀಲಿ."

ಎಲ್ಲರೂ ನಕ್ಕರು. ನಾನು ಅಲ್ಲೇ ನಿಂತಿದ್ದೆ. "ಹಂಗಾದ್ರೆ ನಂಗೆ ಕೊಡಿ" ಅಂದೆ.

"ಕೆಳಗಡೆ ಮಾಡ್ತಾ ಮಾಡ್ತಾನೇ ತಿಂತಾ ಇರ್ತೀರಲ್ಲ ನೀವು, ನಮಗೆ ಗೊತ್ತಿಲ್ವಾ?" ಅಂತ ಅಕ್ಕನ ತಮ್ಮನೊಬ್ಬ ಅಂದ. ಮತ್ತೆ ನಗು. ನನ್ನ ಗಂಡ ನಗಲಿಲ್ಲ. ಕೆಂಡವನ್ನೇ ನೋಡುತ್ತಾ ಕೂತಿದ್ದರು. ನಾನು ಖಾಲಿ ತಟ್ಟೆ ಹಿಡಿದು ಇಳಿದು ಬಂದೆ. ಅತ್ತೆ ಮುಖ ಎತ್ತಿ ನೋಡಿದರು. "ಇನ್ನೂ ಬೆಂದಿಲ್ವಂತೆ" ಅಂದೆ. ಅವರು ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸಿದರು.

ಮಾರನೆಯ ದಿನ ಮಾಳಿಗೆ ಗುಡಿಸಲು ಹೋದೆ. ಗೋಡೆಯ ಮೂಲೆಯಲ್ಲಿ ಕಾಗೆಗಳು ಕಿತ್ತಾಡುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಚಾಪ್ಸ್. ಮೇಲೆ ಇದ್ದಿಲಿನ ಹಾಗೆ ಕಪ್ಪು, ಒಳಗೆ ಹಸಿ ಕೆಂಪು. ಒಂದೊಂದು ಕಡೆ ಕಚ್ಚಿ ಎಸೆದಿದ್ದರು. ಒಳ್ಳೆಯ ಮಾಂಸ. ಎಳೆಯ ಟಗರಿನದು, ಕೊಬ್ಬಿನ ಅಂಚು ಬೆಣ್ಣೆಯ ಹಾಗಿತ್ತು. ಅತ್ತೆಗೆ ಇಲ್ಲ ಅಂದ ತುಂಡುಗಳು ಕಾಗೆಯ ಬಾಯಲ್ಲಿದ್ದವು. ಪೊರಕೆ ಕೈಯಲ್ಲಿ ಹಿಡಿದು ನಾನು ತುಂಬ ಹೊತ್ತು ಅಲ್ಲೇ ನಿಂತಿದ್ದೆ. ಅಳು ಬರಲಿಲ್ಲ. ನನಗೆ ಕೋಪ ಬಂದರೆ ಕಿವಿ ಬಿಸಿಯಾಗುತ್ತದೆ. ಎರಡು ಕಿವಿಯೂ ಉರಿಯುತ್ತಿದ್ದವು.

ಗಂಡ ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಹೇಳಿದೆ. "ಇನ್ಮೇಲೆ ನಾನು ಸುಡ್ತೀನಿ."

"ಏನನ್ನ?"

"ಬಾಡು."

ಅವರು ಲೋಟ ಕೆಳಗಿಟ್ಟರು. "ಅಣ್ಣ ಏನಂತಾನೋ."

"ನಾನೇನು ಅವರ ಸ್ಟ್ಯಾಂಡು ಮುಟ್ತೀನಾ? ನಮ್ಮ ಹಿತ್ತಿಲು, ನಮ್ಮ ಇಟ್ಟಿಗೆ. ಏನು ಬೇಕಾದ್ರೂ ಅನ್ನಲಿ."

ಕೆಂಡ ನನಗೆ ಹೊಸದೇನಲ್ಲ. ನನ್ನ ತವರು ಜಡಿಗೇನಹಳ್ಳಿಯ ಕಡೆ. ಅಪ್ಪ ಕುರಿ ಸಾಕಿದ್ದರು. ಕುರಿ ಕಡಿದ ದಿನ ಲಿವರಿನ ಒಂದು ತುಂಡನ್ನು ಬಿದಿರು ಕಡ್ಡಿಗೆ ಪೋಣಿಸಿ, ಉಪ್ಪು ಸವರಿ, ಕೆಂಡದ ಮೇಲೆ ಹಿಡಿದು ಮೊದಲು ನನಗೇ ಕೊಡುತ್ತಿದ್ದರು. ಊದಿ ಊದಿ ತಿನ್ನುತ್ತಿದ್ದೆ. ನಾನು ದೊಡ್ಡವಳಾದ ಮೇಲೆ ಅವ್ವ, "ಗಂಡಸರು ಕುರಿ ಕಡಿಯೋ ಕಡೆ ನಿಂಗೇನು ಕೆಲಸ?" ಅಂತ ಒಳಗೆ ಕರೆದುಕೊಂಡಳು. ಆ ಕಡ್ಡಿ ಆಮೇಲೆ ತಮ್ಮನ ಪಾಲಾಯಿತು. ಆಗ ನನಗೆ ಅದು ಅನ್ಯಾಯ ಅನ್ನಿಸಿರಲಿಲ್ಲ. ಬೆಳೆಯುವುದು ಅಂದರೆ ಹೀಗೇ ಇರಬೇಕು ಅಂದುಕೊಂಡಿದ್ದೆ.

ಕೆಂಡ ಗೊತ್ತಿದ್ದರೂ ಮಾಂಸ ಗೊತ್ತಿರಲಿಲ್ಲ. ಮೊದಲ ಭಾನುವಾರ ಅಂಗಡಿಗೆ ಹೋದೆ. ಕಡಿಯುವವರು ತಲೆ ಎತ್ತದೆಯೇ, "ಸಾರಿಗಾ ಅಕ್ಕ?" ಅಂದರು. ನನ್ನ ಬಾಯಲ್ಲಿ ಹೂಂ ಅಂತ ಬಂದುಬಿಟ್ಟಿತು. ಅಭ್ಯಾಸ. ಸಾರಿಗೆ ಕೊಚ್ಚಿದ ಸಣ್ಣ ತುಂಡುಗಳನ್ನು ತಂದು, ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಕಬ್ಬಿಣದ ಜಾಲರಿ ಇಟ್ಟು ಸುಟ್ಟೆ. ಅರ್ಧದಷ್ಟು ತುಂಡುಗಳು ಜಾಲರಿಯ ಸಂದಿನಲ್ಲಿ ಕೆಂಡಕ್ಕೆ ಬಿದ್ದವು. ಉಳಿದವು ಚಪ್ಪಲಿಯ ಹಾಗಾದವು. ಗಂಡ ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದರು, ಅಗಿದೇ ಅಗಿದರು. "ಚೆನ್ನಾಗೈತೆ" ಅಂದರು. ನನಗೆ ಸಿಟ್ಟು ಬಂತು. "ಸುಳ್ಳು ಹೇಳ್ಬೇಡಿ, ಉಗೀರಿ" ಅಂದೆ. ಅವರು ನಿಜವಾಗಿಯೂ ಉಗಿದರು.

ಅಂದಿನಿಂದ ತಿಂಗಳಿಗೆ ಒಂದೆರಡು ಭಾನುವಾರವಾದರೂ ಹಿತ್ತಿಲಲ್ಲಿ ಹೊಗೆ ಏಳುತ್ತಿತ್ತು. ಹಸಿ ಪರಂಗಿಕಾಯಿ ಅರೆದು ಹಚ್ಚಿದರೆ ಮಾಂಸ ಮೆತ್ತಗಾಗುತ್ತದೆ ಅಂತ ಯಾರೋ ಹೇಳಿದರು. ಹಿಂದಿನ ದಿನವೇ ಹಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಮಾಂಸ ಹಿಟ್ಟಾಗಿತ್ತು, ಎತ್ತಿದರೆ ಬೆರಳಿಗೆ ಅಂಟುತ್ತಿತ್ತು. ಸ್ವಲ್ಪ ಹೊತ್ತು ಸಾಕು ಅಂತ ಕಲಿತೆ. ಎಳೆಯ ಕುರಿಯಾದರೆ ಅದೂ ಬೇಡ. ಉಪ್ಪು, ಕುಟ್ಟಿದ ಮೆಣಸು, ಬೆಳ್ಳುಳ್ಳಿ, ಒಂದಿಷ್ಟು ಎಣ್ಣೆ ಸಾಕು. ಪ್ಯಾಕೆಟ್ ಮಸಾಲೆ ದಪ್ಪಗೆ ಮೆತ್ತಿದರೆ ಮಾಂಸ ಬೇಯುವ ಮೊದಲು ಮಸಾಲೆ ಸೀದುಹೋಗುತ್ತದೆ. ಭಾವ ಮಾಡುತ್ತಿದ್ದದ್ದು ಅದನ್ನೇ. ಇನ್ನೊಂದು ತಪ್ಪು ಅವರದು ಉರಿಯ ಮೇಲೆ ಸುಡುವುದು. ಉರಿ ಅಡಗಿ ಇದ್ದಿಲಿನ ಮೇಲೆ ಬೂದಿ ಕೂರುವವರೆಗೆ ಕಾಯಬೇಕು. ಬಾಟಲಿ ತೆರೆದವರಿಗೆ ಅಷ್ಟು ತಾಳ್ಮೆ ಎಲ್ಲಿ?

ಮಾಂಸದ ಅಂಗಡಿಯಲ್ಲಿ ಬಾಯಿ ತೆರೆಯುವುದೂ ಕಲಿಕೆಯೇ. ನಾಲ್ಕೈದು ಸಲ ಹೋದ ಮೇಲೆ, ಕತ್ತಿ ಕೆಳಗಿಳಿಯುವ ಮೊದಲೇ ಕೈ ಅಡ್ಡ ಹಿಡಿದೆ. "ಕೊಚ್ಚಬೇಡಿ ಭಾಯ್. ಪಕ್ಕೆ ಹಂಗೇ ಕೊಡಿ."

"ಹಂಗೇನಾ? ಸಾರಿಗೆ ಹೆಂಗಕ್ಕ ಆಗುತ್ತೆ?"

"ಸಾರಿಗಲ್ಲ. ಎರಡೆರಡು ಎಲುಬು ಸೇರಿಸಿ ಒಂದೊಂದು ತುಂಡು ಮಾಡಿ. ಕೊಬ್ಬು ತೆಗೀಬೇಡಿ."

ಅವರು ನನ್ನನ್ನು ಒಂದು ಗಳಿಗೆ ನೋಡಿ, "ಮನೇಲಿ ಯಾರು ಸುಡೋದು?" ಅಂತ ಕೇಳಿದರು.

"ನಾನೇ" ಅಂದೆ. ಹೇಳಿದ ಹಾಗೆ ಕಡಿದು ಕೊಟ್ಟರು. ಆಮೇಲೆ ಆಮೇಲೆ ನಾನೇ ತೋರಿಸಿ ಆರಿಸತೊಡಗಿದೆ. ದಪ್ಪ ಚಾಪ್ಸ್ ಮೊದಲು ಸುಟ್ಟು ತಿನ್ನುವುದಕ್ಕೆ. ತೊಡೆಯನ್ನು ಮೂಳೆ ತೆಗೆದು, ಪುಸ್ತಕದ ಹಾಗೆ ಬಿಡಿಸಿ, ಒಂದೇ ಹಾಳೆಯಾಗಿ ಸುಡುವುದಕ್ಕೆ. ಮುಂಗಾಲಿನ ಮೇಲ್ಭಾಗದ ಭುಜವನ್ನು ಬಾಳೆಲೆಯಲ್ಲಿ ಸುತ್ತಿ, ಕೆಂಡ ಮಂದವಾದ ಮೂಲೆಯಲ್ಲಿ ಬೆಳಗಿನಿಂದಲೇ ಇಟ್ಟುಬಿಡುವುದಕ್ಕೆ. ಭುಜದ ಮಾಂಸ ಗಟ್ಟಿ, ಆದರೆ ನಿಧಾನಕ್ಕೆ ಬೆಂದರೆ ಎಲುಬಿನಿಂದ ತಾನೇ ಜಾರುತ್ತದೆ. ಅದು ಅತ್ತೆಗೆ ಅಂತ ನನ್ನ ಲೆಕ್ಕ.

ಮತ್ತೆ ಯುಗಾದಿ ಬಂತು. ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಾಗ ಅಕ್ಕನಿಗೆ ವಿಷಯ ಹೇಳಿದೆ. ನಾಳೆ ಹಿತ್ತಿಲಲ್ಲಿ ನಾನೇ ಸುಡುತ್ತೇನೆ, ಹೆಂಗಸರು ಮೊದಲು ತಿನ್ನೋಣ, ಬಿಸಿಬಿಸಿಯಾಗಿ. ಅಕ್ಕ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ರುಬ್ಬುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಸಾರು ಯಾರು ಮಾಡೋದು?"

"ಮಾಡೋಣ ಅಕ್ಕ, ಇಬ್ಬರೂ..."

"ಇಬ್ಬರೂ ಎಲ್ಲಿ? ನೀನು ಆಚೆ ಹೊಗೆ ಹತ್ರ ಇರ್ತೀಯ. ನಾನೊಬ್ಬಳೇ ಒಳಗೆ ಸಾಯ್ತೀನಿ. ಮಸಾಲೆ ನಾನೇ ರುಬ್ಬಬೇಕು, ಮುದ್ದೆ ನಾನೇ ತಿರುವಬೇಕು, ಪಾತ್ರೆ ನಾನೇ ತೊಳೀಬೇಕು. ನಿಂದು ಹೊಸ ಆಟ ಕಣೇ. ನನಗೆ ಅದರಿಂದ ಇನ್ನೊಂದು ಕೆಲಸ ಹೆಚ್ಚಾಯ್ತು ಅಷ್ಟೆ."

ಅವಳು ಹೇಳಿದ್ದು ನಿಜ. ಮಾಳಿಗೆಯ ಮೇಲಿನವರ ಜಾಗಕ್ಕೆ ನಾನು ಹೋಗಿ ನಿಂತರೆ, ಕೆಳಗೆ ಅಡುಗೆಮನೆಯಲ್ಲಿ ಬೆವರುವವಳು ಅವಳೇ. ಒಬ್ಬಟ್ಟು ತಟ್ಟುವಾಗ, ಬೇಯಿಸುವಾಗ, ಎಡೆ ಇಡುವಾಗ ಅದೇ ತಲೆಯಲ್ಲಿ ತಿರುಗುತ್ತಿತ್ತು. ಸಂಜೆ ಹಿತ್ತಿಲ ಕಲ್ಲಿನ ಹತ್ತಿರ ಅವಳು ಪಾತ್ರೆ ಬೆಳಗುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತೆ.

"ಅಕ್ಕ, ಸಾರು ಬೇಡ."

"ಏನು?"

"ನಾಳೆ ಸಾರೇ ಮಾಡೋದು ಬೇಡ. ಮುದ್ದೆನೂ ಬೇಡ. ಸುಟ್ಟಿದ್ದು, ರಾಗಿ ರೊಟ್ಟಿ, ಚಟ್ನಿ, ಈರುಳ್ಳಿ. ಅಷ್ಟೆ. ರೊಟ್ಟಿನೂ ಅದೇ ಕೆಂಡದ ಮೇಲೆ ಹೆಂಚಿಟ್ಟು ತಟ್ಟೋಣ. ಇಬ್ಬರೂ ಆಚೇನೇ ಇರೋಣ."

ಅವಳು ಮೊದಲು ನಕ್ಕಳು. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದಳು. "ಹೊಸತೊಡಕಿಗೆ ಸಾರಿಲ್ದೇ ಇರೋ ಮನೆ ಎಲ್ಲಾದ್ರೂ ನೋಡಿದ್ದೀಯಾ? ನಿಮ್ಮ ಭಾವ ನನ್ನನ್ನ ಮನೆಯಿಂದ ಆಚೆ ಹಾಕ್ತಾರೆ."

"ಹಾಕಿದ್ರೆ ಹಾಕಲಿ. ಗೋಡೆ ಈ ಕಡೆ ನಮ್ಮ ಮನೆ ಇದೆಯಲ್ಲ, ಬಾ."

ಅವಳು ಪಾತ್ರೆಗೆ ನೀರು ಹುಯ್ದಳು. ಹುಯ್ದು, "ಪುದೀನ ಚಟ್ನಿಗೆ ಮಾವಿನಕಾಯಿ ಹಾಕ್ತೀಯೋ, ಹುಣಸೆಹಣ್ಣೋ?" ಅಂತ ಕೇಳಿದಳು.

ಭಾವನಿಗೆ ಮಾಂಸ ನಾನೇ ತರುತ್ತೇನೆ ಅಂತ ಮಾತ್ರ ಹೇಳಿದೆ. "ತಾ ತಾ, ಸಾಲು ನಿಲ್ಲೋ ಕಾಟ ತಪ್ತು" ಅಂದರು.

ಬೆಳಿಗ್ಗೆ ಅಂಗಡಿ ಮುಂದೆ ಹೋಗುವ ಹೊತ್ತಿಗೆ ಸಾಲು ರಸ್ತೆ ತಿರುವಿನವರೆಗೆ ಬೆಳೆದಿತ್ತು. ಪೂರ್ತಿ ಗಂಡಸರು. ನನ್ನ ಹಿಂದೆ ನಿಂತವನು, "ಯಾಕಕ್ಕ, ಮನೆಯೋರನ್ನ ಕಳಿಸಬಾರದಾ?" ಅಂದ.

"ಅವರು ಈರುಳ್ಳಿ ಹೆಚ್ತಾ ಇದ್ದಾರೆ" ಅಂದೆ. ಅದು ಸುಳ್ಳು. ಅವರು ಇನ್ನೂ ಹೊದ್ದು ಮಲಗಿದ್ದರು. ಆದರೆ ಸಾಲಿನವರೆಲ್ಲ ತಿರುಗಿ ನನ್ನ ಕಡೆ ನೋಡಿದರು, ಅದು ನನಗೆ ಚೆನ್ನಾಗಿತ್ತು.

ನನ್ನ ಸರದಿ ಬಂದಾಗ ಅವಸರದಲ್ಲಿದ್ದರೂ ಕಡಿಯುವವರು ಕತ್ತಿ ನಿಲ್ಲಿಸಿದರು. "ಹೇಳಕ್ಕ."

ನೇತುಹಾಕಿದ ಕುರಿಗಳಲ್ಲಿ ಸಣ್ಣದನ್ನು ತೋರಿಸಿದೆ. ದೊಡ್ಡದು ಬೇಡ, ಮಾಂಸ ಬಣ್ಣಗೆಟ್ಟು ಕಪ್ಪಾಗಿರಬಾರದು, ಕೊಬ್ಬು ಬಿಳಿಯಾಗಿರಬೇಕು. ಎರಡು ಕಡೆಯ ಪಕ್ಕೆ, ಒಂದು ತೊಡೆ, ಒಂದು ಭುಜ, ಲಿವರ್. ಹಿಂದೆ ಯಾರೋ, "ಬೇಗ ಆಗ್ಲಿ, ಮದುವೆ ಸೀರೆ ಆರಿಸ್ತಾವ್ರೆ" ಅಂದ. ನಾನು ತಿರುಗಿ ನೋಡದೆ, ತೊಡೆಯ ಮೂಳೆ ತೆಗೆಯುವಾಗ ಮಾಂಸ ಹರಿಯದ ಹಾಗೆ ನೋಡಿಕೊಳ್ಳಿ ಅಂದೆ. ಆರಿಸುವುದು ನನ್ನ ಕೆಲಸ. ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಬೇಕು.

ಮನೆಗೆ ಬಂದಾಗ ಅಕ್ಕ ಹಿತ್ತಿಲು ಗುಡಿಸಿ ನೀರು ಚಿಮುಕಿಸಿದ್ದಳು. ಇದ್ದಿಲು ಇಸ್ತ್ರಿ ಅಂಗಡಿಯವರಿಂದ ಮೊದಲೇ ತಂದಿಟ್ಟಿದ್ದೆ. ಕೆಂಡ ಹತ್ತಿಸಿ, ಭುಜವನ್ನು ಬಾಳೆಲೆಯಲ್ಲಿ ಸುತ್ತಿ ಮೂಲೆಗಿಟ್ಟೆ. ಅಕ್ಕ ಚಕ್ಕೋತ ಕಿತ್ತು ತಂದು, ದಪ್ಪ ಸಿಪ್ಪೆ ತೆಗೆದು, ತೊಳೆ ಬಿಡಿಸಿದಳು. ಅದಕ್ಕೆ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಕೊತ್ತಂಬರಿ. ಕೊಬ್ಬಿನ ಮಾಂಸಕ್ಕೆ ಹುಳಿ ಬೇಕೇಬೇಕು. ನಿಂಬೆಹಣ್ಣು ನಾಲಗೆಯನ್ನು ಚುರ್ ಅನ್ನಿಸುತ್ತದೆ. ಚಕ್ಕೋತ ಬಾಯಿ ತೊಳೆದು ಇನ್ನೊಂದು ತುಂಡಿಗೆ ಜಾಗ ಮಾಡಿಕೊಡುತ್ತದೆ. ಪುದೀನ ಚಟ್ನಿಗೆ ಮಾವಿನಕಾಯಿ ಹಾಕಿದ್ದಳು. ಹುಣಸೆಹಣ್ಣಿನದು ಸಾರಿನ ನೆನಪು ತರುತ್ತದೆ, ಬೇಡ ಅಂತ ಅವಳದೇ ತೀರ್ಮಾನ.

ಮಾಂಸಕ್ಕೆ ಉಪ್ಪು ಸವರುತ್ತಿದ್ದಾಗ ಭಾವ ಹಿತ್ತಿಲ ಬಾಗಿಲಲ್ಲಿ ಕಾಣಿಸಿಕೊಂಡರು. "ಚಾಪ್ಸ್ ಈ ಕಡೆ ಕೊಡಮ್ಮ, ಹುಡುಗರು ಬಂದವ್ರೆ."

"ಇಲ್ಲೇ ಸುಡ್ತೀವಿ ಭಾವ. ಎಲ್ಲರೂ ಇಲ್ಲೇ ಬನ್ನಿ."

"ಇಲ್ಲೇ ಅಂದ್ರೆ? ಯಾರು ಸುಡೋದು?"

"ನಾನು."

ಅವರು ಅಕ್ಕನ ಕಡೆ ನೋಡಿದರು. ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ. ಭಾವ ಬಾಗಿ ಮಾಂಸದ ಪಾತ್ರೆಗೆ ಕೈ ಹಾಕಲು ಹೋದರು. ನಾನು ಪಾತ್ರೆಯನ್ನು ನನ್ನ ಹಿಂದಕ್ಕೆ ಎಳೆದುಕೊಂಡೆ. ಈ ಮನೆಗೆ ಬಂದ ಮೇಲೆ ಅವರ ಕೈಯಿಂದ ನಾನು ಏನನ್ನೂ ಕಿತ್ತುಕೊಂಡಿರಲಿಲ್ಲ.

"ಹೋದ ವರ್ಷ ನೀವು ಸುಟ್ಟಿದ್ದನ್ನ ಕಾಗೆ ತಿಂದ್ವು ಭಾವ. ನಾನೇ ಗುಡಿಸಿದ್ದು. ಈ ವರ್ಷ ಮನುಷ್ಯರು ತಿನ್ನಲಿ."

ಅವರ ಮುಖ ಕೆಂಪಾಯಿತು. "ಲೇ, ಬಾರೋ ಇಲ್ಲಿ!" ಅಂತ ನನ್ನ ಗಂಡನನ್ನು ಕೂಗಿದರು. ಗಂಡ ಬಂದು ಇಬ್ಬರ ಮುಖವನ್ನೂ ನೋಡಿದರು. "ನಿನ್ನ ಹೆಂಡ್ತಿಗೆ ಹೇಳು."

ನನ್ನ ಗಂಡ ಕತ್ತು ಕೆರೆದುಕೊಂಡರು. ಆಮೇಲೆ, "ಅವಳು ಚೆನ್ನಾಗಿ ಸುಡ್ತಾಳೆ ಅಣ್ಣ" ಅಂದರು. ಅಷ್ಟೇ ಅಂದದ್ದು. ಅಷ್ಟನ್ನು ಹೇಳಲೂ ಅವರಿಗೆ ಎಷ್ಟು ಕಷ್ಟವಾಯಿತು ಅಂತ ನನಗೆ ಗೊತ್ತು.

ಭಾವ ಮಾಳಿಗೆ ಹತ್ತಿಬಿಟ್ಟರು. ಯಾರನ್ನೋ ಕಳಿಸಿ ಕೋಳಿ ತರಿಸಿ ಮೇಲೆ ಸ್ಟ್ಯಾಂಡು ಹತ್ತಿಸಿದರು. ಹೀಗೆ ನಮ್ಮ ಮನೆಯಲ್ಲಿ ಆ ದಿನ ಎರಡು ಹೊಗೆ. ನನ್ನ ಗಂಡ ಮೆಟ್ಟಿಲ ಬುಡದವರೆಗೆ ಹೋಗಿ, ನಿಂತು, ವಾಪಸ್ಸು ಬಂದು ಈರುಳ್ಳಿ ಹೆಚ್ಚಲು ಕೂತರು. ನಾನು ಹೇಳಿರಲಿಲ್ಲ.

ಕೆಂಡಕ್ಕೆ ಬೂದಿ ಕೂತ ಮೇಲೆ ಚಾಪ್ಸ್ ಇಟ್ಟೆ. ಕೊಬ್ಬಿನ ಅಂಚು ಮೊದಲು ಕೆಂಡದ ಕಡೆಗೆ, ನಿಲ್ಲಿಸಿದ ಹಾಗೆ. ಅದು ಕರಗಿ ಚುಯ್ ಅಂದಾಗ ಮಲಗಿಸಿ, ಒಮ್ಮೆ ತಿರುವಿ, ತೆಗೆದೆ. ತೆಗೆದ ಕೂಡಲೇ ಅಕ್ಕನ ಕೈ ಬಂತು. "ತಡಿ, ಸ್ವಲ್ಪ ಆರಲಿ" ಅಂದರೆ, "ಹೋಗೇ, ಇಷ್ಟು ವರ್ಷ ಆರಿದ್ದೇ ತಿಂದಿದ್ದು" ಅಂತ ಎಲುಬು ಹಿಡಿದು ಕಚ್ಚಿದಳು. ಅವಳ ಗಲ್ಲದ ಮೇಲೆ ರಸ ಇಳಿಯಿತು. ನಿಂತುಕೊಂಡೇ ತಿಂದಳು. ಕಣ್ಣು ಮುಚ್ಚಿಕೊಂಡಿದ್ದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಹೊಸತೊಡಕಿನ ಚಾಪ್ಸ್ ಅವಳ ಬಾಯಿಗೆ ಬಿದ್ದದ್ದು ಅದೇ ಮೊದಲಂತೆ. ತಿಂದು ಮುಗಿಸಿದ ಮೇಲೆ ಹೇಳಿದಳು, ಯಾರ ಮೇಲೂ ದೂರು ಹೇಳುವ ಹಾಗಲ್ಲ, ಸುಮ್ಮನೆ.

ಅತ್ತೆಯನ್ನು ಕುರ್ಚಿ ಹಾಕಿ ಕೂರಿಸಿದ್ದೆವು. ಬಾಳೆಲೆ ಬಿಚ್ಚಿ, ಭುಜದ ಮೆತ್ತನೆಯ ಮಾಂಸ ಬಿಡಿಸಿ ತಟ್ಟೆಗೆ ಹಾಕಿಕೊಟ್ಟೆ. ಅದನ್ನು ಅವರು ತಿಂದರು, ಚೆನ್ನಾಗಿದೆ ಅಂದರು. ಆಮೇಲೆ ಅಕ್ಕನ ಕೈಯಲ್ಲಿದ್ದ ಎಲುಬಿನ ಕಡೆ ಕೈ ತೋರಿಸಿದರು.

"ಅದು ಕೊಡು."

"ಅತ್ತೆ, ಅದು ಗಟ್ಟಿ..." ಅಂದೆ.

"ಹಲ್ಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ಈ ಕಡೆ ಮೂರವ್ವೆ, ಆ ಕಡೆ ಎರಡವ್ವೆ. ಕೊಡು."

ಒಂದು ಚಾಪ್ಸ್ ಕೊಟ್ಟೆ. ಬಾಯಿಯ ಒಂದು ಮೂಲೆಯಲ್ಲಿಟ್ಟು ಕಚ್ಚಿ, ಎಳೆದು, ಚೀಪಿ, ಮೂಳೆ ಬೆಳ್ಳಗಾಗುವವರೆಗೆ ಬಿಡಲಿಲ್ಲ. ತುಂಬ ಹೊತ್ತು ಹಿಡಿಯಿತು. ನಾವು ಮೂವರೂ ಅವರನ್ನೇ ನೋಡುತ್ತಿದ್ದೆವು. ಕೊನೆಗೆ ಮೂಳೆಯನ್ನು ತಟ್ಟೆಗೆ ಟಣ್ ಅಂತ ಹಾಕಿ, "ಇನ್ನೊಂದು" ಅಂದರು.

ಸ್ವಲ್ಪ ಹೊತ್ತಿಗೆ ಮೇಲಿನವರು ಊಟಕ್ಕೆ ಇಳಿದು ಬಂದರು. ಭಾವ ಅಡುಗೆಮನೆಗೆ ಹೋಗಿ, ಪಾತ್ರೆಗಳ ಮುಚ್ಚಳ ತೆಗೆದು ನೋಡಿ, ಹಿತ್ತಿಲಿಗೆ ಬಂದರು. "ಸಾರೆಲ್ಲಿ?"

ಅಕ್ಕ ರೊಟ್ಟಿ ತಿರುವುತ್ತಿದ್ದವಳು ಕೈ ನಿಲ್ಲಿಸಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ನಾನೇ ಹೇಳಿದೆ. "ಸಾರು ಮಾಡಿಲ್ಲ ಭಾವ."

"ಮಾಡಿಲ್ವಾ? ಹೊಸತೊಡಕಿನ ದಿನ? ಯಾರು ಹೇಳಿದ್ದು ಮಾಡಬೇಡಿ ಅಂತ?"

"ಯಾರೂ ಹೇಳಿಲ್ಲ. ನಾವೇ ಮಾಡಿಲ್ಲ."

"ಬಂದೋರಿಗೆ ಏನು ಬಡಿಸೋದು? ಮರ್ಯಾದೆ ಅನ್ನೋದು ಬೇಡ್ವಾ?"

"ರೊಟ್ಟಿ ಐತೆ, ಬಾಡು ಐತೆ, ಚಟ್ನಿ ಐತೆ" ಅಂತ ಅತ್ತೆ ಕುರ್ಚಿಯಿಂದಲೇ ಅಂದರು. "ಕೂತ್ಕೊಂಡು ತಿನ್ನೋ. ಹಸಿವಿದ್ರೆ."

ಅಕ್ಕನ ತಮ್ಮಂದಿರು ಭಾವನ ಮುಖ ನೋಡಿದರು, ಕೆಂಡದ ಮೇಲಿನ ತೊಡೆಯ ಮಾಂಸವನ್ನೂ ನೋಡಿದರು. ಕಿರಿಯವನು ನಾಚಿಕೊಂಡು ಬಂದು ತಟ್ಟೆ ಹಿಡಿದ. ಹಿಂದಿನ ವರ್ಷ ನೀವು ಕೆಳಗಡೆ ತಿಂತಾನೇ ಇರ್ತೀರಲ್ಲ ಅಂದವನು ಅವನೇ. ನಾನು ಅವನಿಗೂ ಹಾಕಿದೆ, ಒಳ್ಳೆಯ ತುಂಡನ್ನೇ ಹಾಕಿದೆ. ಇಲ್ಲ ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು; ಇನ್ನೊಬ್ಬರಿಗೆ ಅದನ್ನು ನಾನು ಮಾಡಲಾರೆ. ಭಾವ ಮಾತ್ರ ತಿನ್ನಲಿಲ್ಲ. ಬೈಕು ತೆಗೆದುಕೊಂಡು ಹೊರಟುಹೋದರು.

ಅದಾದ ಮೇಲೆ ಎಷ್ಟೋ ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಅಕ್ಕನಿಗೆ ಬೈಗುಳ ಬಿತ್ತು. ಗೋಡೆಯ ಈ ಕಡೆಗೆ ಕೇಳಿಸುತ್ತಿತ್ತು, ಕೇಳಿಸಿದ ದಿನವೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ನಾನು ಹೊತ್ತಿಸಿದ ಬೆಂಕಿಯ ಬಿಸಿ ಹೆಚ್ಚು ತಟ್ಟಿದ್ದು ಅವಳಿಗೇ. ಒಂದು ದಿನ ಹಿತ್ತಿಲಲ್ಲಿ ಕೇಳಿದೆ, "ಬಿಟ್ಟುಬಿಡ್ಲಾ ಅಕ್ಕ?"

ಅವಳು ಬಟ್ಟೆ ಹಿಂಡುತ್ತಿದ್ದಳು. "ಬಿಟ್ರೆ ಅವರು ಬೈಯೋದು ಬಿಡ್ತಾರಾ? ಬೇರೆ ಯಾವುದಕ್ಕಾದ್ರೂ ಬೈತಾರೆ. ಬೈಸ್ಕೊಳ್ಳೋದು ಹೆಂಗೂ ಇದ್ದೇ ಇದೆ, ಚಾಪ್ಸಾದ್ರೂ ತಿನ್ನೋಣ" ಅಂದಳು.

ಊರಿನಲ್ಲೂ ಮಾತಾಯಿತು. ಆ ಮನೆಯಲ್ಲಿ ಹೆಂಗಸರು ಬಾಡು ಸುಡುತ್ತಾರಂತೆ, ಗಂಡಸರು ಈರುಳ್ಳಿ ಹೆಚ್ಚುತ್ತಾರಂತೆ. ಒಬ್ಬಳು ಹಿರಿಯಳು ನೀರಿನ ಟ್ಯಾಂಕಿನ ಹತ್ತಿರ ನನ್ನನ್ನು ನಿಲ್ಲಿಸಿ, "ನಿಂಗೆ ತಿನ್ನೋ ಆಸೆ ಜಾಸ್ತಿ ಕಣವ್ವ" ಅಂದಳು. ಹೌದು, ಜಾಸ್ತಿ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ದುಡಿಯುವವಳಿಗೆ ತಿನ್ನುವ ಆಸೆ ಇರಬಾರದು ಅಂತ ಯಾಕೆ ಅಂದುಕೊಳ್ಳಬೇಕು? ಆಸೆ ಇಲ್ಲದವಳ ಹಾಗೆ ನಟಿಸಿ ತಳದ ಸಾರು ಬಳಿದುಕೊಂಡು ಉಂಡ ವರ್ಷಗಳು ಸಾಕು. ಅವಳಿಗೆ ಅಷ್ಟೆಲ್ಲ ಹೇಳಲಿಲ್ಲ. "ಹೌದಜ್ಜಿ, ಜಾಸ್ತಿ" ಅಂದೆ. ಅವಳು ಬಿಂದಿಗೆ ಎತ್ತಿಕೊಂಡು ಹೋದಳು.

ಈ ವರ್ಷದ ಹೊಸತೊಡಕಿಗೆ ಭಾವ ಮೊದಲೇ ಅಕ್ಕನಿಗೆ ಹೇಳಿಬಿಟ್ಟರಂತೆ, ಸಾರು ಆಗಲೇಬೇಕು ಅಂತ. ಅಕ್ಕ ಸಾರು ಮಾಡಿದಳು. ಸಣ್ಣ ಪಾತ್ರೆಯಲ್ಲಿ, ಅವರೊಬ್ಬರಿಗೆ ಆಗುವಷ್ಟು. ಮುದ್ದೆಯನ್ನೂ ಮಾಡಿ ಮುಚ್ಚಿಟ್ಟು, "ಒಲೆ ಮೇಲಿದೆ, ಬಡಿಸ್ಕೊಳ್ಳಿ" ಅಂತ ಹೇಳಿ ಹಿತ್ತಿಲಿಗೆ ಬಂದು ನನ್ನ ಪಕ್ಕ ಕೂತಳು. ಒಳಗೆ ಸೌಟು ಪಾತ್ರೆಗೆ ತಾಗಿದ ಸದ್ದು ಕೇಳಿಸಿತು. ಭಾವ ತಾವೇ ಬಡಿಸಿಕೊಂಡು ಒಬ್ಬರೇ ಕೂತು ಉಂಡರು. ಹಿತ್ತಿಲಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಬಾಗಿಲು ತೆರೆದೇ ಇತ್ತು, ಅವರ ತಟ್ಟೆಯನ್ನೂ ಉಳಿದ ತಟ್ಟೆಗಳ ಜೊತೆ ತೊಳೆದು ಇಟ್ಟಿದ್ದೆ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.

ಮಾರನೆಯ ದಿನ ಕೆಲಸಕ್ಕೆ ಹೋಗುವ ವ್ಯಾನಿನಲ್ಲಿ ಪಕ್ಕದವಳು ನನ್ನ ತಲೆಯ ಹತ್ತಿರ ಮೂಗು ತಂದು, "ಏನಕ್ಕ, ಕೂದಲೆಲ್ಲ ಹೊಗೆ ವಾಸನೆ?" ಅಂದಳು. ತಲೆ ತೊಳೆಯಲು ಪುರುಸೊತ್ತು ಆಗಿರಲಿಲ್ಲ.

"ಬಾಡು ಸುಟ್ಟೆ" ಅಂದೆ.

"ನೀನೇನಾ?"

ಮುಂದಿನ ಸೀಟಿನವರೂ ತಿರುಗಿ ಕೂತರು. ಯಾವ ಮಾಂಸ ತರಬೇಕು, ಹೇಗೆ ಕಡಿಸಬೇಕು, ಅಂಗಡಿಯಲ್ಲಿ ಹೇಗೆ ಕೇಳಬೇಕು ಅಂತ ಒಬ್ಬೊಬ್ಬರೂ ಕೇಳತೊಡಗಿದರು. ನಾನು ಸೀಟಿನ ಕಂಬಿಯ ಮೇಲೆ ಬೆರಳಿನಿಂದ ಎಲುಬುಗಳನ್ನು ಎಣಿಸಿ ತೋರಿಸಿದೆ: ಇಲ್ಲಿಂದ ಇಲ್ಲಿಗೆ, ಎರಡೆರಡು ಸೇರಿಸಿ, ಕೊಬ್ಬು ತೆಗೆಯಲು ಬಿಡಬೇಡಿ.